ನಡುವಿನ ಗೆರೆ: ಎಂಜಿನ್ನಿನ ಉಸಿರುದಾರಿಯ ಕಥೆ

ಪ್ಲೆಸೆಂಟನ್‌ನಲ್ಲಿ ಇರೋವ್ರಿಗೆ ಅಲಮೀಡಾ ಕೌಂಟಿ ಫೇರ್‌ಗ್ರೌಂಡ್ಸ್ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೇಸಿಗೆಯ ಜಾತ್ರೆ ನಡೆಯೋದು ಅಲ್ಲೇ. 1858ರಿಂದ ಇರುವ, ಒಂದು ಮೈಲಿ ಸುತ್ತಳತೆಯ ಕುದುರೆ ಓಟದ ಹಾದಿ ಇರೋದೂ ಅಲ್ಲೇ. ದೂರದ ಓದುಗರಿಗೆ ಹೇಳೋದಾದರೆ, ನಮ್ಮೂರಿನ ತೇರಿನ ಬಯಲು ಇದ್ದ ಹಾಗೆ ಅಂದುಕೊಳ್ಳಿ. ಇದೇ ಬಯಲಿನಲ್ಲಿ ಗುಡ್‌ಗೈಸ್ ಎಂಬ ಸಂಘ 1980ರ ದಶಕದಿಂದ ಹಳೆ ಕಾರುಗಳ ಮೇಳ ನಡೆಸಿದೆ. ಅಲ್ಲಿಗೆ ಬರುವ ಕಾರುಗಳಿಗೆ ಹಾಟ್ ರಾಡ್ ಅಂತಾರೆ. ಮೈ ಹಳೆಯದು, ಒಳಗಿನ ಎಂಜಿನ್ ಮಾತ್ರ ಮಾಲೀಕರು ತಿದ್ದಿ ತೀಡಿ ಬಲ ಹೆಚ್ಚಿಸಿದ್ದು.

ಅಂಥ ಒಂದು ಮೇಳಕ್ಕೆ ಮಗಳನ್ನ ಕರಕೊಂಡು ಹೋಗಿದ್ದೆ. ಒಂದು ಮೇಜಿನ ಮೇಲೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಒಂದನ್ನ ಸೀಬೆಹಣ್ಣು ಹೆಚ್ಚಿದ ಹಾಗೆ ಎರಡು ಹೋಳು ಮಾಡಿ ಇಟ್ಟಿದ್ದರು. ಒಳಗೆ ಬಾಗಿದ ಒಂದು ಕೊಳವೆ ಕಾಣುತ್ತಿತ್ತು. ಅದರ ಗೋಡೆಯ ತುಂಬ ಕೂದಲಿನಷ್ಟು ಸಣ್ಣ ಗೆರೆಗಳು, ಒಂದರ ಪಕ್ಕ ಒಂದು. ಮಗಳು ಬೆರಳಿಂದ ಸವರುತ್ತಾ ಹೋದಳು. ನಡುವೆ ನಿಂತಳು. "ಅಪ್ಪ, ಇಲ್ಲಿ ಏನೋ ತಡೀತಿದೆ" ಅಂದಳು.

ಮೇಜಿನ ಹಿಂದಿದ್ದ ಹಿರಿಯರು ನಕ್ಕು, "ಒಂದು ಹಾದಿ ಮುಗಿಯೋದು ಅಲ್ಲಿ, ಇನ್ನೊಂದು ಶುರುವಾಗೋದೂ ಅಲ್ಲೇ" ಅಂದರು.

ಆ ಗೆರೆಯ ಬಗ್ಗೆ ಈ ಬರಹ. ಎರಡು ಕಡೆಯಿಂದ ಬಂದ ಕೆಲಸ ನಡುವೆ ಕೂಡುವ ಜಾಗ ಅದು, ಸೀಮ್ ಅಂತಾರೆ. ನಾನಿಲ್ಲಿ ಅದನ್ನ ಕೂಡುಗೆರೆ ಅಂತ ಕರೀತೀನಿ. ಎಂಜಿನ್ ತಿದ್ದುವವರ ನೂರು ವರ್ಷದ ಚರಿತ್ರೆಯನ್ನ ಈ ಒಂದು ಗೆರೆಯ ಬೆನ್ನು ಹತ್ತಿ ಹೇಳಬಹುದು. ಆ ಚರಿತ್ರೆಯಲ್ಲಿ ಮೈಸೂರು, ಬೆಂಗಳೂರೂ ಬರುತ್ತವೆ.

ಎಂಜಿನ್ ಉಸಿರಾಡುವ ದಾರಿ

ಮೊದಲು, ಈ ಕೊಳವೆ ಏನು? ಪೆಟ್ರೋಲ್ ಎಂಜಿನ್ ಕೆಲಸ ಮಾಡಬೇಕಾದರೆ ಗಾಳಿ ಒಳಗೆ ಬರಬೇಕು, ಹೊಗೆ ಹೊರಗೆ ಹೋಗಬೇಕು. ಸಿಲಿಂಡರಿನ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ ಸಿಲಿಂಡರ್ ಹೆಡ್. ಅದರೊಳಗೆ ಗಾಳಿಗೆ, ಹೊಗೆಗೆ ಅಂತ ಬಿಟ್ಟಿರುವ ದಾರಿಗಳೇ ಪೋರ್ಟ್‌ಗಳು. ಪೋರ್ಟಿನ ಒಂದು ಬಾಯಿ ಹೆಡ್ಡಿನ ಪಕ್ಕಕ್ಕೆ ತೆರೆಯುತ್ತೆ, ಇನ್ನೊಂದು ಬಾಯಿ ಕೆಳಗೆ, ವಾಲ್ವ್ ಕೂರುವ ಜಾಗಕ್ಕೆ. ಪಕ್ಕದಿಂದ ಬಂದ ಗಾಳಿ ಕೆಳಕ್ಕೆ ಇಳಿಯಬೇಕು ಅಂದರೆ ನಡುವೆ ಒಂದು ತಿರುವು ಬೇಕೇ ಬೇಕು.

ಎಷ್ಟು ಹೊತ್ತಿನಲ್ಲಿ? ನಿಮಿಷಕ್ಕೆ 6000 ಸುತ್ತು ತಿರುಗುವ ನಾಲ್ಕು-ಸ್ಟ್ರೋಕ್ ಎಂಜಿನ್ ತಗೊಳ್ಳಿ. ಅದರ ಒಂದೊಂದು ವಾಲ್ವ್ ಸೆಕೆಂಡಿಗೆ 50 ಸಲ ತೆರೆಯುತ್ತೆ. ಒಂದು ಸಲ ತೆರೆದಿರೋದು ಹೆಚ್ಚು ಕಡಿಮೆ ಸೆಕೆಂಡಿನ ಸಾವಿರದಲ್ಲಿ 7 ಭಾಗ. ಅಷ್ಟರೊಳಗೆ ಎಷ್ಟು ಗಾಳಿ ಒಳಗೆ ನುಗ್ಗಿತೋ ಅಷ್ಟೇ ಬಲ. ತಿರುವಿನ ಒಳಬದಿಯಲ್ಲಿ ದಾರಿ ಚೂಪಾಗಿದ್ದರೆ ಗಾಳಿ ಗೋಡೆ ಬಿಟ್ಟು ಹಾರುತ್ತೆ, ಸುಳಿ ಏಳುತ್ತೆ, ಹರಿವು ಕುಗ್ಗುತ್ತೆ.

ಕಾರ್ಖಾನೆಯಲ್ಲಿ ಹೆಡ್ಡನ್ನ ಎರಕ ಹೊಯ್ಯುತ್ತಾರೆ. ಪೋರ್ಟ್ ಆಗಬೇಕಾದ ಜಾಗದಲ್ಲಿ ಮರಳಿನ ಒಂದು ತುಂಡು, ಅಂದರೆ ಕೋರ್, ಇಟ್ಟು ಸುತ್ತ ಲೋಹ ಸುರೀತಾರೆ. ಆಮೇಲೆ ಮರಳು ಉದುರಿಸಿದರೆ ದಾರಿ ಉಳಿಯುತ್ತೆ. ಮರಳಿನ ಅಚ್ಚು ಎರಡು ಹೋಳಾಗಿದ್ದರೆ, ಹೋಳು ಸೇರಿದ ಕಡೆ ಲೋಹದಲ್ಲೂ ಒಂದು ಏಣು ಉಳಿಯುತ್ತೆ. ನೋಡಿ, ನಮ್ಮ ಕೂಡುಗೆರೆ ಯಂತ್ರ ಬರುವುದಕ್ಕೂ ಮೊದಲೇ ಹುಟ್ಟಿತ್ತು.

ಕೈಯ ಕಾಲ

ಆ ಏಣನ್ನ ಸವರಿ, ತಿರುವನ್ನ ತಿದ್ದಿ, ಗಾಳಿಗೆ ದಾರಿ ಮಾಡಿಕೊಡುವ ಕೆಲಸಕ್ಕೆ ಪೋರ್ಟಿಂಗ್ ಅಂತ ಹೆಸರು. ಇದನ್ನ ಅಂದಾಜಿನಿಂದ ಅಳತೆಗೆ ತಂದವರಲ್ಲಿ ದೊಡ್ಡ ಹೆಸರು ಇಂಗ್ಲೆಂಡಿನ ಹ್ಯಾರಿ ವೆಸ್ಲೇಕ್. 1920ರ ದಶಕದಲ್ಲಿ ಬೆಂಟ್ಲಿ ಕಾರುಗಳಿಗೆ, ಆಮೇಲೆ ಜಾಗ್ವಾರ್ ಕಾರುಗಳಿಗೆ ಅವರು ಕೆಲಸ ಮಾಡಿದರು. ಪೋರ್ಟಿನ ಮೂಲಕ ಗಾಳಿ ಎಳೆದು, ಎಷ್ಟು ಹರೀತು ಅಂತ ಅಳೆಯೋದು, ತಿದ್ದೋದು, ಮತ್ತೆ ಅಳೆಯೋದು. ಇದು ಅವರ ದಾರಿ. 1967ರಲ್ಲಿ ಬೆಲ್ಜಿಯಂ ಗ್ರ್ಯಾನ್ ಪ್ರಿ ಗೆದ್ದ ಡ್ಯಾನ್ ಗರ್ನಿ ಅವರ ಈಗಲ್ ಕಾರು ತಯಾರಾದದ್ದು ನಮ್ಮ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ. ಅದರ 12 ಸಿಲಿಂಡರಿನ ಎಂಜಿನ್ ಬಂದದ್ದು ವೆಸ್ಲೇಕ್ ಕಂಪನಿಯಿಂದ.

ಅಮೆರಿಕದ ಗ್ಯಾರೇಜುಗಳಲ್ಲಿ ಇದೇ ಕೆಲಸ ಕೈಯಲ್ಲಿ ಹಿಡಿಯುವ ಗ್ರೈಂಡರಿನಿಂದ ನಡೀತಿತ್ತು, ಈಗಲೂ ಕೆಲವೆಡೆ ನಡೆಯುತ್ತೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ, ತುಂಬಾ ಅಲ್ಯೂಮಿನಿಯಂ ಪುಡಿ. ಪಕ್ಕದ ಬಾಯಿಂದ ಕೈ ಎಷ್ಟು ದೂರ ಹೋಗುತ್ತೋ ಅಷ್ಟು ಸವೆಸಬೇಕು. ಆಮೇಲೆ ಹೆಡ್ ತಿರುಗಿಸಿ, ವಾಲ್ವಿನ ಬಾಯಿಂದ ಉಳಿದದ್ದು. ಎರಡೂ ಕೂಡುವ ಕಡೆ ಕಣ್ಣಿಗೆ ಏನೂ ಕಾಣಲ್ಲ. ಬೆರಳೇ ಕಣ್ಣು.

ಕಷ್ಟ ಎಲ್ಲಿತ್ತು ಅಂದರೆ, ಸಿಲಿಂಡರಿಗೆ ಎರಡು ವಾಲ್ವ್ ಇರುವ ವಿ-8 ಎಂಜಿನ್ನಿಗೆ 16 ಪೋರ್ಟು. ಮೊದಲನೆಯದು ಚೆನ್ನಾಗಿ ಬಂತು ಅಂತ ಇಟ್ಟುಕೊಳ್ಳಿ. ಹದಿನಾರನೆಯದು ಮಾಡುವ ಹೊತ್ತಿಗೆ ಕೈ ಸೋತಿರುತ್ತೆ. ಒಂದೊಂದು ಸಿಲಿಂಡರ್ ಒಂದೊಂದು ಥರ ಉಸಿರಾಡಿದರೆ ಎಂಜಿನ್ ಹದವಾಗಿ ಓಡಲ್ಲ.

ಮೈಸೂರಿನ ಬೈಕು, ಬೆಂಗಳೂರಿನ ಯಂತ್ರ

ಈಗ ನಮ್ಮ ಕಡೆಗೆ ಬರೋಣ. ನಿಮ್ಮ ಅಪ್ಪನೋ ಮಾವನೋ ಮೈಸೂರಿನವರಾದರೆ ಒಮ್ಮೆ ಜಾವಾ ಬಗ್ಗೆ ಕೇಳಿ ನೋಡಿ, ಮಾತು ಬೇಗ ಮುಗಿಯಲ್ಲ. ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನ ಮೈಸೂರಿನ ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಿಂದ ಲೈಸೆನ್ಸ್ ಮೇಲೆ ಮಾಡಿತು. ಮುಂದೆ 1970ರ ದಶಕದಲ್ಲಿ ಅದೇ ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಅದು ಎರಡು-ಸ್ಟ್ರೋಕ್ ಎಂಜಿನ್. ಅದರ ಹೆಡ್ಡಿನಲ್ಲಿ ವಾಲ್ವೂ ಇಲ್ಲ, ಪೋರ್ಟೂ ಇಲ್ಲ. ಪೋರ್ಟ್‌ಗಳಿರೋದು ಸಿಲಿಂಡರಿನ ಗೋಡೆಯಲ್ಲೇ, ಕಿಟಕಿಗಳ ಹಾಗೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತಾ ಅವನ್ನ ತೆಗೆದು ಮುಚ್ಚುತ್ತೆ. ಗಾಳಿ-ಪೆಟ್ರೋಲಿನ ಮಿಶ್ರಣ ಮೊದಲು ಕೆಳಗಿನ ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿಂದ ಮೇಲೇರಿ ಸಿಲಿಂಡರಿಗೆ ಹೋಗುತ್ತೆ. ಈ ದಾರಿಯ ಅರ್ಧ ಕ್ರ್ಯಾಂಕ್‌ಕೇಸಿನಲ್ಲಿ, ಇನ್ನರ್ಧ ಸಿಲಿಂಡರಿನಲ್ಲಿ. ನಡುವೆ ಗ್ಯಾಸ್ಕೆಟ್. ಎರಡು ಎರಕದ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರದಿದ್ದರೆ ಅಲ್ಲೊಂದು ಮೆಟ್ಟಿಲು. ಎರಡು-ಸ್ಟ್ರೋಕ್ ಎಂಜಿನ್ ತಿದ್ದುವ ಮೆಕ್ಯಾನಿಕ್ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಗ್ಯಾಸ್ಕೆಟ್ಟನ್ನೇ ಅಚ್ಚಾಗಿ ಇಟ್ಟು ಗುರುತು ಹಾಕಿ, ಅರ ಹಿಡಿದು ಆ ಮೆಟ್ಟಿಲನ್ನ ಉಜ್ಜೋದು. ಕೂಡುಗೆರೆ ಮತ್ತೆ ಬಂತು, ಬೇರೆ ಜಾಗದಲ್ಲಿ.

ಅದೇ ಕಾಲಕ್ಕೆ ಬೆಂಗಳೂರು ಯಂತ್ರ ಮಾಡುವ ಯಂತ್ರಗಳ ಊರಾಗುತ್ತಿತ್ತು. ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಶುರುವಾದದ್ದು 1953ರಲ್ಲಿ. ನಾವು ಎಚ್‌ಎಂಟಿ ಅಂದರೆ ಗಡಿಯಾರ ಅಂತೀವಿ, ಆದರೆ ಅದರ ಹೆಸರಿನಲ್ಲೇ ಇರೋದು ಮೆಷಿನ್ ಟೂಲ್ಸ್. ಲೇಥು, ಮಿಲ್ಲಿಂಗ್ ಯಂತ್ರಗಳೇ ಅದರ ಮೊದಲ ಕೆಲಸ. 1962ರಲ್ಲಿ ತುಮಕೂರು ರಸ್ತೆಯ ಸಿಎಂಟಿಐ ಬಂತು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಜಿಟಿಟಿಸಿ ಬಂತು. ಹಳ್ಳಿಗಳಿಂದ ಬಂದ ಎಷ್ಟೋ ಹುಡುಗರು ಅಲ್ಲಿ ಕಲಿತು ಪೀಣ್ಯದ ಶೆಡ್ಡುಗಳಿಗೆ ಹೋದರು.

ಕನ್ನಡ ಕಲೀತಿರೋ ನಿಮಗೆ ಒಂದು ಮಾತು. ಪೀಣ್ಯದ ಕನ್ನಡವನ್ನ ಒಮ್ಮೆ ಕೇಳಬೇಕು. ಜಾಬ್ ಕಟ್ಟು, ಡಯಲ್ ಹಾಕು, ಝೀರೋ ಮಾಡು, ಬರ್ ತೆಗಿ. ವಸ್ತುಗಳ ಹೆಸರು ಹೊರಗಿಂದ ಬಂದಿದೆ, ಕ್ರಿಯಾಪದ ಮಾತ್ರ ಕನ್ನಡದ್ದೇ. ಕೈ ಏನು ಮಾಡುತ್ತೋ ಅದನ್ನ ಜನ ತಮ್ಮ ಮಾತಿನಲ್ಲೇ ಹೇಳ್ತಾರೆ. ಏಣು, ನುಣುಪು, ಒರಟು, ಸವರು, ತೀಡು. ಪೋರ್ಟಿನ ಕಥೆ ಹೇಳಲು ಇಷ್ಟು ಸಾಕು.

ಯಂತ್ರಕ್ಕೆ ಕೈ ಬಂದದ್ದು

ಅಂಕಿಗಳನ್ನ ಕೊಟ್ಟು ಯಂತ್ರವನ್ನ ನಡೆಸುವ ಯೋಚನೆ ಎರಡನೇ ಮಹಾಯುದ್ಧದ ನಂತರದ್ದು. ಜಾನ್ ಪಾರ್ಸನ್ಸ್ ಅವರ ಕಲ್ಪನೆ, ಅಮೆರಿಕದ ವಾಯುಪಡೆಯ ಹಣ, ಎಂಐಟಿಯ ಪ್ರಯೋಗಾಲಯ. 1952ರಲ್ಲಿ ಎಂಐಟಿ ಇಂಥ ಮಿಲ್ಲಿಂಗ್ ಯಂತ್ರವನ್ನ ಓಡಿಸಿ ತೋರಿಸಿತು. ಆ ಯಂತ್ರ ಮೂರು ದಿಕ್ಕಿಗೆ ಚಲಿಸುತ್ತಿತ್ತು: ಎಡ-ಬಲ, ಹಿಂದೆ-ಮುಂದೆ, ಮೇಲೆ-ಕೆಳಗೆ. ಬಾಗಿದ ಪೋರ್ಟಿನೊಳಗೆ ಹೋಗಬೇಕಾದರೆ ಅಷ್ಟು ಸಾಲದು. ಟೂಲು ಅಥವಾ ಹೆಡ್ಡು ವಾಲಬೇಕು, ತಿರುಗಬೇಕು. ಹೀಗೆ ಇನ್ನೆರಡು ಚಲನೆ ಸೇರಿದರೆ ಅದು ಐದು ಅಕ್ಷದ ಯಂತ್ರ.

ಟೂಲೂ ಬೇರೆಯೇ ಬೇಕಾಯಿತು. ತೆಳ್ಳಗಿನ ಕಡ್ಡಿ, ತುದಿಯಲ್ಲಿ ಉಂಡೆ. ನೋಡಲು ಮಕ್ಕಳ ಲಾಲಿಪಾಪ್ ಥರ, ಹೆಸರೂ ಅದೇ. ಉಂಡೆ ಕಡ್ಡಿಗಿಂತ ದಪ್ಪ ಇರೋದರಿಂದ ತಿರುವಿನ ಆಚೆಗೂ ಸ್ವಲ್ಪ ಚಾಚಿ ಕೊರೀಬಹುದು.

ಆದರೆ ಯಂತ್ರಕ್ಕೆ ಆಕಾರ ಹೇಳಿಕೊಡೋರು ಯಾರು? ಎಷ್ಟೋ ಕಡೆ ಮೊದಲ ಪೋರ್ಟನ್ನ ಇವತ್ತಿಗೂ ಪಳಗಿದ ಕೈಯೇ ತೀಡುತ್ತೆ. ಗಾಳಿ ಹರಿಸಿ ಪರೀಕ್ಷೆ ಮಾಡಿ, ಇದೇ ಸರಿ ಅಂತ ಆದ ಮೇಲೆ, ಆ ಗೋಡೆಯನ್ನ ಸ್ಕ್ಯಾನ್ ಮಾಡಿ ಅಥವಾ ಪ್ರೋಬಿನಿಂದ ಮುಟ್ಟಿ ಮುಟ್ಟಿ ಕಂಪ್ಯೂಟರಿಗೆ ತುಂಬುತ್ತಾರೆ. ಉಳಿದ ಪೋರ್ಟುಗಳನ್ನ ಯಂತ್ರ ಅದೇ ಥರ ಕೊರೆಯುತ್ತೆ. ಕೈಯ ಕೆಲಸ ಹೋಗಲಿಲ್ಲ. ಒಂದು ಸಲ ಚೆನ್ನಾಗಿ ಮಾಡಿದರೆ ಸಾಕು ಅಂತಾಯಿತು. ಹದಿನಾರನೇ ಪೋರ್ಟಿಗೆ ಸೋಲುವ ಕೈಯ ಸಮಸ್ಯೆ ತೀರಿತು.

ತೀರದೇ ಉಳಿದದ್ದು ಕೂಡುಗೆರೆ. ಟೂಲಿನ ಕಡ್ಡಿ ಗೋಡೆಗೆ ತಾಗದ ಹಾಗೆ ಒಂದೇ ಬಾಯಿಂದ ಪೂರ್ತಿ ಪೋರ್ಟ್ ಮುಟ್ಟೋಕೆ ಸಾಮಾನ್ಯವಾಗಿ ಆಗಲ್ಲ. ಯಂತ್ರವೂ ಪಕ್ಕದ ಬಾಯಿಂದ ಅರ್ಧ, ವಾಲ್ವಿನ ಬಾಯಿಂದ ಅರ್ಧ ಕೊರೆದು ನಡುವೆ ಸೇರಿಸಬೇಕು.

ಸಾಮೋಸ್‌ನ ಸುರಂಗ, ನಮ್ಮ ದೋಸೆ

ಎರಡು ಕಡೆಯಿಂದ ಕೊರೆದು ಕತ್ತಲಲ್ಲಿ ಕೂಡುವ ಚಿಂತೆ ಹಳೆಯದು. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಗ್ರೀಸಿನ ಸಾಮೋಸ್ ದ್ವೀಪದಲ್ಲಿ ಯುಪಲಿನೋಸ್ ಎಂಬ ಶಿಲ್ಪಿ ನೀರು ತರಲು ಬೆಟ್ಟದೊಳಗೆ ಸುರಂಗ ತೋಡಿಸಿದ. ಉದ್ದ 1000 ಮೀಟರಿಗೂ ಹೆಚ್ಚು, ತೋಡಿದ್ದು ಎರಡೂ ತುದಿಯಿಂದ. ನಡುವೆ ಒಂದು ಗುಂಪು ಮೇಲೆ, ಇನ್ನೊಂದು ಕೆಳಗೆ ಹಾದುಹೋದರೆ? ಅದಕ್ಕೇ ಕೂಡುವ ಜಾಗದ ಹತ್ತಿರ ಒಂದು ಕಡೆಯವರು ಸೂರನ್ನ ಎತ್ತರಿಸಿದರು, ಇನ್ನೊಂದು ಕಡೆಯವರು ನೆಲವನ್ನ ತಗ್ಗಿಸಿದರು. ಒಂದು ಬಿಂದುವಿನಲ್ಲಿ ಕೂಡುವ ಬದಲು ಒಂದು ಪಟ್ಟಿಯಲ್ಲಿ ಕೂಡೋದು. ತಪ್ಪು ಆಗೇ ಆಗುತ್ತೆ ಅಂತ ಮೊದಲೇ ಒಪ್ಪಿಕೊಂಡು ಅದಕ್ಕೆ ಜಾಗ ಬಿಡೋದು.

ಪೋರ್ಟ್ ಕೊರೆಯೋವ್ರು ಮಾಡೋದೂ ಇದನ್ನೇ. ಎರಡು ಹಾದಿಯೂ ಗಡಿಯಲ್ಲಿ ನಿಲ್ಲಲ್ಲ. ಒಂದೊಂದೂ ಕೆಲವು ಮಿಲಿಮೀಟರ್ ಆಚೆಗೆ ಹೋಗುತ್ತೆ. ಈ ಪಟ್ಟಿಗೆ ಓವರ್‌ಲ್ಯಾಪ್ ಅಂತಾರೆ.

ಹಾಗಾದರೆ ಮಗಳ ಬೆರಳಿಗೆ ತಡೆದದ್ದು ಏನು? ಮೊದಲು ಆ ಸಣ್ಣ ಗೆರೆಗಳನ್ನ ಅರ್ಥ ಮಾಡಿಕೊಳ್ಳೋಣ. ದೋಸೆ ಹುಯ್ಯುವಾಗ ಸೌಟು ಸುತ್ತಿದ ಕಡೆಯೆಲ್ಲ ಉಂಗುರ ಉಂಗುರವಾಗಿ ಏಣು ಉಳಿಯುತ್ತಲ್ವಾ, ಹಾಗೇ. ಉಂಡೆ ಟೂಲು ಒಂದು ಸುತ್ತು ಹೋಗಿ, ಸ್ವಲ್ಪ ಸರಿದು ಇನ್ನೊಂದು ಸುತ್ತು ಹೋದಾಗ ನಡುವೆ ಒಂದು ಏಣು. 12 ಮಿ.ಮೀ. ವ್ಯಾಸದ ಉಂಡೆ 1 ಮಿ.ಮೀ. ಸರಿದರೆ ಏಣಿನ ಎತ್ತರ ಸುಮಾರು 0.02 ಮಿ.ಮೀ. ಅರ್ಧ ಮಿಲಿಮೀಟರ್ ಸರಿದರೆ ಎತ್ತರ ನಾಲ್ಕನೇ ಒಂದು ಭಾಗಕ್ಕೆ, 0.005ಕ್ಕೆ ಇಳಿಯುತ್ತೆ, ಆದರೆ ಸಮಯ ಎರಡರಷ್ಟು. ಈ ಏಣುಗಳು ಎಲ್ಲ ಕಡೆ ಒಂದೇ ಸಮ, ಆದ್ದರಿಂದ ಬೆರಳು ಜಾರುತ್ತೆ. ನಡುವಿನದು ಹಾಗಲ್ಲ. ಅಲ್ಲಿ ಎರಡು ಗೋಡೆಗಳು ಒಂದೇ ಮಟ್ಟದಲ್ಲಿ ಇಲ್ಲ.

ಮೆಟ್ಟಿಲನ್ನ ಓದೋದು

ಮಟ್ಟ ಯಾಕೆ ತಪ್ಪುತ್ತೆ? ಹೆಡ್ಡನ್ನ ಒಂದು ಬಾಯಿಂದ ಇನ್ನೊಂದು ಬಾಯಿಗೆ ತಿರುಗಿಸುವಾಗ, ತಿರುಗುವ ಅಕ್ಷದ ನಡುಬಿಂದು ಎಲ್ಲಿದೆ ಅಂತ ಯಂತ್ರಕ್ಕೆ ಕರಾರುವಾಕ್ಕಾಗಿ ಗೊತ್ತಿರಬೇಕು. ಅದು 0.03 ಮಿ.ಮೀ. ತಪ್ಪಿದ್ದು, ಹೆಡ್ 90 ಡಿಗ್ರಿ ತಿರುಗಿದರೆ, ಎರಡು ಅರ್ಧಗಳ ನಡುವೆ ಸುಮಾರು 0.04 ಮಿ.ಮೀ. ವ್ಯತ್ಯಾಸ. ಕೋನದಲ್ಲಿ ಬರೀ 0.01 ಡಿಗ್ರಿ ತಪ್ಪಿದರೂ, ನಡುಬಿಂದುವಿನಿಂದ 200 ಮಿ.ಮೀ. ದೂರದಲ್ಲಿ 0.035 ಮಿ.ಮೀ. ಕಾಣುತ್ತೆ. ಬಿಸಿ ಇನ್ನೊಂದು. 400 ಮಿ.ಮೀ. ಉದ್ದದ ಅಲ್ಯೂಮಿನಿಯಂ ಹೆಡ್ 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ 0.09 ಮಿ.ಮೀ. ಹಿಗ್ಗುತ್ತೆ. ಬೆಳಿಗ್ಗೆ ಕೊರೆದ ಅರ್ಧಕ್ಕೂ ಮಧ್ಯಾಹ್ನ ಕೊರೆದ ಅರ್ಧಕ್ಕೂ ಹೊಂದಿಕೆ ಆಗದಿದ್ದರೆ ಇದೂ ಕಾರಣ ಇರಬಹುದು. ತೆಳ್ಳಗಿನ ಕಡ್ಡಿ ಒತ್ತಡಕ್ಕೆ ಬಾಗೋದು ಮತ್ತೊಂದು.

ಪಳಗಿದವರು ಮೆಟ್ಟಿಲನ್ನ ಮುಟ್ಟಿಯೇ ತಪ್ಪು ಎಲ್ಲಿದೆ ಅಂತ ಊಹಿಸ್ತಾರೆ. ಹೇಗೆ ಗೊತ್ತಾ? ಒಂದು ಗೋಡೆ ಮಾತ್ರ ಮುಟ್ಟಬೇಡಿ, ಸುತ್ತಲೂ ಮುಟ್ಟಿ. ಮೆಟ್ಟಿಲು ಸುತ್ತ ಒಂದೇ ಥರ ಇದ್ದರೆ, ಅಂದರೆ ಒಂದು ಅರ್ಧ ಎಲ್ಲ ಕಡೆಯೂ ಇನ್ನೊಂದಕ್ಕಿಂತ ಅಗಲ ಇದ್ದರೆ, ತಪ್ಪು ಟೂಲಿನದು. ಅದರ ಅಳತೆ ತಪ್ಪಾಗಿ ಬರೆದಿದೆ, ಇಲ್ಲವೇ ಸವೆದಿದೆ, ಇಲ್ಲವೇ ಬಾಗಿದೆ. ಒಂದು ಗೋಡೆಯಲ್ಲಿ ಏರು, ಎದುರಿನ ಗೋಡೆಯಲ್ಲಿ ಇಳಿತ ಇದ್ದರೆ ತಪ್ಪು ಜಾಗದ್ದು. ಒಂದು ಅರ್ಧ ಇಡೀ ಪಕ್ಕಕ್ಕೆ ಸರಿದಿದೆ, ತಿರುಗುವ ನಡುಬಿಂದುವನ್ನ ಮತ್ತೆ ಅಳೆಯಬೇಕು.

ಇಲ್ಲೇ ಒಂದು ಆಸೆ ಹುಟ್ಟುತ್ತೆ. ಯಾಕಿಷ್ಟು ತಲೆಬಿಸಿ, ಮರಳು ಕಾಗದ ತಗೊಂಡು ಉಜ್ಜಿಬಿಟ್ಟರೆ ಗೆರೆ ಮಾಯ ಅಲ್ವಾ? ಗೆರೆ ಮಾಯ ಆಗುತ್ತೆ. ಆದರೆ ಸರಿದಿದ್ದ ಅರ್ಧ ಸರಿದೇ ಇರುತ್ತೆ. ಮುಂದಿನ ಹೆಡ್ಡಿನಲ್ಲೂ ಅದೇ ತಪ್ಪು ಬರುತ್ತೆ, ಆಗ ಅದನ್ನ ಹೇಳೋಕೆ ಗೆರೆಯೂ ಇರಲ್ಲ. ಇಂಥದ್ದೇ ಇನ್ನೊಂದು: ಎರಡೂ ಕಡೆಗೆ ಒಂದೇ ಟೂಲ್ ಬಳಸಿದರೆ ಅಳತೆಯ ತಪ್ಪು ಎರಡೂ ಕಡೆ ಸಮ, ಮೆಟ್ಟಿಲು ಬರಲ್ಲ. ಒಳ್ಳೆಯ ಉಪಾಯವೇ, ಆದರೆ ಆಗ ಪೋರ್ಟ್ ಪೂರ್ತಿ ಕಿರಿದಾಗಿದ್ದರೂ ಬೆರಳಿಗೆ ತಿಳಿಯಲ್ಲ. ಗೇಜ್ ಹಾಕಿಯೇ ನೋಡಬೇಕು.

ಬೆಸೆಯೋದು

ಯಂತ್ರವನ್ನ ಸರಿ ಮಾಡಿದ ಮೇಲೂ ಸ್ವಲ್ಪ ವ್ಯತ್ಯಾಸ ಉಳಿಯುತ್ತೆ. ಬೆಸೆಯುವ ಕೆಲಸ ಈ ಉಳಿದದ್ದಕ್ಕೆ ಮಾತ್ರ. ಉಪಾಯ ಸರಳ. ಟೂಲ್ ತನ್ನ ಹಾದಿಯ ಕೊನೆಯಲ್ಲಿ ಥಟ್ಟನೆ ನಿಲ್ಲಬಾರದು, ವಿಮಾನ ನೆಲ ಬಿಡೋ ಹಾಗೆ ಮೆಲ್ಲಗೆ ಗೋಡೆಯಿಂದ ದೂರ ಆಗಬೇಕು. ಉದಾಹರಣೆಗೆ 4 ಮಿ.ಮೀ. ಉದ್ದದಲ್ಲಿ 0.05 ಮಿ.ಮೀ. ಎತ್ತರಿಸಿದರೆ, 0.04ರ ಮೆಟ್ಟಿಲು ಹೋಗಿ 80ಕ್ಕೆ 1ರ ಇಳಿಜಾರು ಬರುತ್ತೆ. ಉಗುರಿಗೆ ಸಿಗೋದು ಕಷ್ಟ.

ಆದರೆ ಯಾವಾಗ ಎತ್ತರಿಸಬೇಕು? ಹೊಸಬರು ಎಡವೋದು ಇಲ್ಲೇ. ಎರಡೂ ಟೂಲು ಪಟ್ಟಿಯ ಶುರುವಿನಲ್ಲೇ ಏಳೋಕೆ ಶುರುಮಾಡಿದರೆ, ನಡುವೆ ಇಬ್ಬರೂ ಗೋಡೆ ಬಿಟ್ಟಿರ್ತಾರೆ. ಅಲ್ಲಿ ಲೋಹ ಉಳಿದು ಹೊಸ ದಿಬ್ಬ ಹುಟ್ಟುತ್ತೆ. ಬೆಸೆಯಲು ಹೋಗಿ ನಾವೇ ಮಾಡಿದ ದಿಬ್ಬ. ಆದ್ದರಿಂದ ಒಂದೊಂದು ಟೂಲೂ ತನ್ನ ಗಡಿ ದಾಟಿ, ಇನ್ನೊಂದು ಇನ್ನೂ ಗೋಡೆಗೆ ಅಂಟಿಕೊಂಡಿರೋ ಜಾಗಕ್ಕೆ ಬಂದ ಮೇಲೆ ಮಾತ್ರ ಏಳಬೇಕು. ಹಾಗಂತ ಪಟ್ಟಿ ತುಂಬಾ ಉದ್ದವೂ ಆಗಬಾರದು. ಅಲ್ಲಿ ಎರಡನೇ ಟೂಲಿಗೆ ಕೊರೆಯಲು ಲೋಹವೇ ಇರಲ್ಲ, ಬರೀ ಉಜ್ಜುತ್ತೆ, ಅಲ್ಯೂಮಿನಿಯಂ ಟೂಲಿನ ಅಂಚಿಗೆ ಮೆತ್ತಿಕೊಳ್ಳುತ್ತೆ.

ಗಡಿ ಎಲ್ಲಿ ಇಡಬೇಕು ಅನ್ನೋದೂ ನಿಮ್ಮ ಕೈಯಲ್ಲೇ ಇದೆ. ಗಾಳಿ ಗೋಡೆ ಬಿಡಲು ಕಾಯುತ್ತಿರುವ ತಿರುವಿನ ಒಳಬದಿಯಲ್ಲಿ ಬೇಡ. ದಾರಿ ನೇರ ಇರುವ ಕಡೆ ಇಟ್ಟರೆ, ಉಳಿದ ಅಲ್ಪ ತಪ್ಪು ಗಾಳಿಗೆ ಅಷ್ಟಾಗಿ ಅಡ್ಡ ಬರಲ್ಲ.

ಹಾಗಾದರೆ ಇಷ್ಟು ಸಣ್ಣ ಮೆಟ್ಟಿಲಿನಿಂದ ಎಂಜಿನ್ನಿನ ಬಲ ಕಡಿಮೆ ಆಗುತ್ತಾ ಅಂತ ಕೇಳಿದರೆ, ನೇರ ಜಾಗದಲ್ಲಿ 0.03 ಮಿ.ಮೀ. ಅಂದರೆ ಹೆಚ್ಚೇನೂ ಆಗಲ್ಲ. ಗೆರೆಗೆ ಬೆಲೆ ಬರೋದು ಅದು ಗಾಳಿಯನ್ನ ತಡೆಯುತ್ತೆ ಅಂತ ಅಲ್ಲ. ಉಳಿದೆಲ್ಲ ಕಡೆ ಕಾಣದ ತಪ್ಪು ಅಲ್ಲಿ ಮಾತ್ರ ಕಾಣುತ್ತೆ, ಅದಕ್ಕೆ.

ಬೆಟ್ಟದಾಚೆ ಫ್ರೀಮಾಂಟ್

ಪ್ಲೆಸೆಂಟನ್‌ನಿಂದ 680ರಲ್ಲಿ ಸುನೋಲ್ ದಾಟಿ ಇಳಿದರೆ ಫ್ರೀಮಾಂಟ್. 1984ರಿಂದ 2010ರವರೆಗೆ ಜಿಎಂ ಮತ್ತು ಟೊಯೊಟಾ ಜೊತೆ ಸೇರಿ ಕಾರು ಕಟ್ಟಿದ ಕಾರ್ಖಾನೆ ಅಲ್ಲಿದೆ. ಈಗ ಅಲ್ಲಿ ಟೆಸ್ಲಾ. ಆ ಕಾರುಗಳಿಗೆ ಸಿಲಿಂಡರ್ ಹೆಡ್ಡೇ ಇಲ್ಲ, ಪೋರ್ಟ್ ಎಲ್ಲಿಂದ ಬರಬೇಕು? ಮೇಳದ ಮೇಜಿನ ಹಿಂದಿದ್ದವರ ಕೆಲಸಕ್ಕೆ ಮುಂದೆ ಗಿರಾಕಿ ಕಡಿಮೆ ಆಗ್ತಾರೆ. ಇದನ್ನ ಅವರೂ ಬಲ್ಲರು.

ಆದರೆ ಎರಡು ಕಡೆಯಿಂದ ಕೊರೆದು ನಡುವೆ ಬೆಸೆಯುವ ವಿದ್ಯೆಗೆ ಬೇರೆ ಮನೆಗಳಿವೆ. ವಿಮಾನದ ಎಂಜಿನ್ನಿನ ಬ್ಲೇಡು, ಪಂಪಿನ ಇಂಪೆಲ್ಲರು, ಮಂಡಿಗೆ ಹಾಕುವ ಕೃತಕ ಕೀಲು, ಎಲ್ಲದರಲ್ಲೂ ಟೂಲಿನ ಹಾದಿಗಳು ಒಂದರ ಮೇಲೊಂದು ಹಾಯುತ್ತವೆ.

ಮುಂದಿನ ಸಲ ಫೇರ್‌ಗ್ರೌಂಡ್ಸಿಗೆ ಹೋದರೆ, ಕೊಯ್ದಿಟ್ಟ ಹೆಡ್ ಕಂಡರೆ, ಮೇಜಿನ ಹಿಂದಿದ್ದವರನ್ನ ಕೇಳಿ ಒಮ್ಮೆ ಬೆರಳು ಹಾಕಿ. ಗೆರೆ ಸಿಕ್ಕಿದ ಮೇಲೆ ಅಲ್ಲಿಗೇ ನಿಲ್ಲಬೇಡಿ, ಎದುರಿನ ಗೋಡೆಯನ್ನೂ ಮುಟ್ಟಿ ನೋಡಿ. ಏರೋ ಇಳಿತವೋ ಅಂತ ಮಕ್ಕಳನ್ನ ಕೇಳಿ. ನನ್ನ ಮಗಳು ಮನೆಗೆ ಬರುವ ದಾರಿಯಲ್ಲಿ ಹೇಳಿದ್ದು, "ಅಪ್ಪ, ಎರಡು ಕಡೆನೂ ಏರೇ ಇತ್ತು." ಅಂದರೆ ತಪ್ಪು ಟೂಲಿನದು.